ತೋಟದ ಮನೆಗೆ ಬ್ಯಾಂಕಿನ ನೋಟಿಸು ಬಂದಾಗ

ಜನವರಿ ತಿಂಗಳು. ಕೊಡಗಿನ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಜೋರಾಗಿರುತ್ತದೆ. ಕಣದಲ್ಲಿ ಹರವಿದ ಹಣ್ಣು ಬಿಸಿಲಿಗೆ ಕೆಂಪು ಕಳೆದುಕೊಂಡು ಕಪ್ಪಗಾಗುತ್ತಿರುತ್ತದೆ. ಮೋಡ ಕಂಡರೆ ಟಾರ್ಪಾಲು ಎಳೆಯಲು ಓಡಬೇಕು. ವಾರದ ಕೊನೆಗೆ ಕೊಯ್ಲಿನವರ ಲೆಕ್ಕ ಚುಕ್ತಾ ಮಾಡಬೇಕು. ವರ್ಷದ ಹಣ ಕೈಗೆ ಬರುವುದೂ ಕೈಬಿಟ್ಟು ಹೋಗುವುದೂ ಈ ಎರಡು ಮೂರು ತಿಂಗಳಲ್ಲೇ. ಅಂಥದೊಂದು ಬೆಳಿಗ್ಗೆ ಅಂಚೆಯವರು ಗೇಟಿನ ಬಳಿ ನಿಂತು, ಸಹಿ ಹಾಕಿ ತೆಗೆದುಕೊಳ್ಳಬೇಕಾದ ಲಕೋಟೆಯೊಂದನ್ನು ಚಾಚುತ್ತಾರೆ.

ಒಳಗೆ ಕೆಲವು ಪುಟಗಳ ಇಂಗ್ಲಿಷ್ ಕಾಗದ. ಸಾಲದ ಖಾತೆ ಸಂಖ್ಯೆ, ಬಡ್ಡಿ ಸೇರಿದ ಬಾಕಿ, ಸರ್ವೆ ನಂಬರುಗಳು, ಚೆಕ್ಕುಬಂದಿ, ಕೊನೆಯಲ್ಲಿ 60 ದಿನಗಳ ಗಡುವು. ಮನೆಯ ಯಜಮಾನರು ಓದುತ್ತಾರೆ, ಮಡಚುತ್ತಾರೆ, ಬೀರುವಿನಲ್ಲಿ ಬಟ್ಟೆಯಡಿ ಇಡುತ್ತಾರೆ. ಹೆಂಡತಿಗೆ ಹೇಳುವುದಿಲ್ಲ, ಬೆಂಗಳೂರಿನಲ್ಲಿರುವ ಮಗನಿಗೂ ಹೇಳುವುದಿಲ್ಲ. ಕಾಫಿ ಮಾರಿದ ಮೇಲೆ ಬ್ಯಾಂಕಿಗೆ ಹೋಗಿ ಮಾತಾಡಿದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಕೆಲವು ತಿಂಗಳ ನಂತರ ಅದೇ ಸರ್ವೆ ನಂಬರುಗಳನ್ನು ಊರಿನವರೆಲ್ಲ ಪತ್ರಿಕೆಯಲ್ಲಿ ಓದುತ್ತಾರೆ.

ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ‘ಸರ್ಫೇಸಿ’ ಎಂಬ ಹೆಸರು ಕೇಳದ ಬೆಳೆಗಾರರು ಕಡಿಮೆ. ಆದರೆ ಆ ಕಾಯ್ದೆ ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಡುತ್ತದೆ, ಸಾಲಗಾರನ ಮಾತಿಗೆ ಎಲ್ಲಿ ಬೆಲೆ ಇದೆ, ಎಲ್ಲಿ ಬೆಲೆ ಕಳೆದುಹೋಗುತ್ತದೆ ಎಂಬುದು ಬಹಳ ಮಂದಿಗೆ ತಿಳಿಯುವುದು ಹರಾಜು ಮುಗಿದ ಮೇಲೆ. ಈ ಕಾಯ್ದೆಯಲ್ಲಿ ಸಾಲಗಾರನ ಬಲ ಇರುವುದು ಆರಂಭದಲ್ಲಿ. ದಿನ ಕಳೆದಂತೆ ಅದು ಕರಗುತ್ತ ಹೋಗುತ್ತದೆ. ನಮ್ಮವರಲ್ಲಿ ಹೆಚ್ಚಿನವರು ಆ ಆರಂಭದ ದಿನಗಳನ್ನೇ ಮೌನದಲ್ಲಿ ಕಳೆಯುತ್ತಾರೆ.

ಕೋರ್ಟಿಗೆ ಹೋಗದ ಬ್ಯಾಂಕು

ಹಿಂದೆ ಅಡಮಾನದ ಆಸ್ತಿಯನ್ನು ಹರಾಜು ಹಾಕಲು ಬ್ಯಾಂಕು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕಿತ್ತು. ವರ್ಷಗಳು ಉರುಳುತ್ತಿದ್ದವು. 1993ರ ಕಾನೂನು ಸಾಲ ವಸೂಲಿಗೆಂದೇ ಪ್ರತ್ಯೇಕ ಟ್ರಿಬ್ಯುನಲ್‌ಗಳನ್ನು ಹುಟ್ಟುಹಾಕಿತು. ಅಲ್ಲಿಯೂ ಕಡತಗಳು ರಾಶಿಬಿದ್ದವು. ನರಸಿಂಹಂ ಸಮಿತಿಯ ಶಿಫಾರಸಿನ ಹಾದಿಯಲ್ಲಿ 2002ರಲ್ಲಿ ಸಂಸತ್ತು ಸರ್ಫೇಸಿ ಕಾಯ್ದೆಯನ್ನು ತಂದಿತು. ಇದರ ತಿರುಳು ಇಷ್ಟು: ಆಸ್ತಿ ಅಡವಿಟ್ಟುಕೊಂಡ ಬ್ಯಾಂಕು ಯಾವ ನ್ಯಾಯಾಲಯದ ತೀರ್ಪಿಗೂ ಕಾಯದೆ, ತನ್ನದೇ ಅಧಿಕಾರಿಯ ಮೂಲಕ ಆಸ್ತಿಯನ್ನು ವಶಕ್ಕೆ ಪಡೆದು ಮಾರಬಹುದು. ಈ ವಿಚಾರದಲ್ಲಿ ಸಿವಿಲ್ ಕೋರ್ಟಿನ ಬಾಗಿಲನ್ನು ಕಾಯ್ದೆಯ 34ನೇ ಸೆಕ್ಷನ್ ಮುಚ್ಚಿದೆ.

ಮೊದಲ ರೂಪದಲ್ಲಿ ಕಾಯ್ದೆ ಇನ್ನೂ ಕಠಿಣವಾಗಿತ್ತು. ಸಾಲಗಾರ ಟ್ರಿಬ್ಯುನಲ್ಲಿಗೆ ಹೋಗಬೇಕಾದರೆ ಬ್ಯಾಂಕು ಕೇಳಿದ ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕಿತ್ತು. ಮರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ ಈ ಷರತ್ತನ್ನು ರದ್ದು ಮಾಡಿತು. ಕಂತು ಕಟ್ಟಲಾಗದವನಿಗೆ ಮುಕ್ಕಾಲು ಪಾಲು ತಂದಿಡು ಎನ್ನುವುದು ನ್ಯಾಯವಲ್ಲ ಎಂಬುದು ಅದರ ನಿಲುವಾಗಿತ್ತು. ಸಾಲಗಾರ ಬರೆದ ಆಕ್ಷೇಪಣೆಗೆ ಬ್ಯಾಂಕು ಕಾರಣ ಕೊಟ್ಟು ಉತ್ತರಿಸಬೇಕು ಎಂಬ 13(3ಎ) ಉಪಸೆಕ್ಷನ್ ಸೇರಿದ್ದು ಆ ತೀರ್ಪಿನ ಬೆನ್ನಿಗೆ.

2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಎಂದಿತು. ಸಹಕಾರ ಸಂಸ್ಥೆಗಳ ಸಾಲದ ಮೇಲೆಯೇ ನಿಂತ ಕೊಡಗಿನಂಥ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ. ವಸತಿ ಸಾಲ ಕೊಡುವ ಹಣಕಾಸು ಕಂಪನಿಗಳಿಗೂ ಕಾಯ್ದೆಯ ಬಲವಿದೆ. ಆದರೆ ಊರಿನ ಕೃಷಿ ಪತ್ತಿನ ಸಹಕಾರ ಸಂಘ ಬ್ಯಾಂಕಲ್ಲ. ಅದರ ವಸೂಲಿ ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಅಡಿಯಲ್ಲಿ. ನಿಮಗೆ ಬಂದ ನೋಟಿಸು ಯಾವ ಕಾನೂನಿನದು ಎಂಬುದನ್ನು ಮೊದಲು ನೋಡಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ.

ಕಾಫಿ ಬೆಳೆಯುವುದು ಕೃಷಿಯೇ?

ಕಾಯ್ದೆಯ 31ನೇ ಸೆಕ್ಷನ್ನಿನಲ್ಲಿ ಕೆಲವು ವಿನಾಯಿತಿಗಳಿವೆ. ಅದರ (ಐ) ಖಂಡದ ಪ್ರಕಾರ ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಅನ್ವಯಿಸುವುದಿಲ್ಲ. ಭತ್ತದ ಗದ್ದೆಯನ್ನು ಬ್ಯಾಂಕು ಈ ದಾರಿಯಲ್ಲಿ ಹರಾಜು ಹಾಕುವಂತಿಲ್ಲ. ಹಾಗಾದರೆ ಗದ್ದೆಯ ಅಂಚಿನಿಂದ ಮೇಲಕ್ಕೆ ಹಬ್ಬಿದ ಕಾಫಿ ತೋಟದ ಕತೆಯೇನು? ಮಲೆನಾಡಿನ ಬೆಳೆಗಾರರ ಎರಡು ದಶಕಗಳ ಸಂಕಟವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಬ್ಯಾಂಕುಗಳು ತೋಟವನ್ನು ವಾಣಿಜ್ಯ ಬೆಳೆಯ ಪ್ಲಾಂಟೇಷನ್ ಎಂದು ಕರೆದು ನೋಟಿಸು ಕಳಿಸುತ್ತ ಬಂದಿವೆ. ಭೂ ಸುಧಾರಣೆಯ ಕಾನೂನು ಕೂಡ ಪ್ಲಾಂಟೇಷನ್ನನ್ನು ಬೇರೆಯಾಗಿಯೇ ನೋಡಿದೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 104ನೇ ಸೆಕ್ಷನ್ ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸಿನಂಥ ಬೆಳೆಗಳ ತೋಟವನ್ನು ಆ ಕಾಯ್ದೆಯ ಹಲವು ನಿರ್ಬಂಧಗಳಿಂದ ಹೊರಗಿಟ್ಟಿದೆ. ಭೂಮಿತಿಯ ಕಾಲದಲ್ಲಿ ಬೆಳೆಗಾರರಿಗೆ ವರವಾಗಿದ್ದ ಪ್ರತ್ಯೇಕತೆ ಸಾಲದ ಕಾಲದಲ್ಲಿ ತಿರುಗಿ ಬಿದ್ದಿದೆ.

ಬೆಳೆಗಾರರ ಮಾತಿನಲ್ಲಿಯೂ ತೂಕವಿದೆ. ಮಣ್ಣು, ಮಳೆ, ಗೊಬ್ಬರ, ಹೂಮಳೆ ತಪ್ಪಿದರೆ ಹೋದ ಫಸಲು, ಕಾಂಡಕೊರಕ ಹತ್ತಿ ಒಣಗಿದ ಅರೇಬಿಕಾ — ಇದು ಕೃಷಿಯಲ್ಲದಿದ್ದರೆ ಇನ್ನೇನು ಎಂದು ಅವರು ಕೇಳುತ್ತಾರೆ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರಿನೊಳಗಿನವರು ಸಣ್ಣ ಬೆಳೆಗಾರರು, ಕೊಡಗಿನ ಹಿಡುವಳಿಗಳಲ್ಲಿ ಬಹುಪಾಲು ಅವರದೇ. ರಿಸರ್ವ್ ಬ್ಯಾಂಕಿನ ಆದ್ಯತಾ ವಲಯದ ನಿಯಮಗಳಲ್ಲಿ ಕೃಷಿಕರ ಬೆಳೆ ಸಾಲದ ವಿವರಣೆಯೊಳಗೆ ಪ್ಲಾಂಟೇಷನ್ ಬೆಳೆಗಳೂ ಇವೆ. ಅಂದರೆ ಕೊಡುವಾಗ ಕೃಷಿ ಸಾಲದ ಗುರಿಯ ಲೆಕ್ಕಕ್ಕೆ ಸೇರುವ ತೋಟ, ಕಿತ್ತುಕೊಳ್ಳುವಾಗ ಕೃಷಿಯಲ್ಲ ಎನಿಸಿಕೊಳ್ಳುತ್ತದೆ. ಈ ಎರಡು ಮಾತುಗಳನ್ನು ಒಂದೇ ಬಾಯಿ ಆಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ನ್ಯಾಯಾಲಯಗಳು ಏನು ಹೇಳಿವೆ? 2018ರಲ್ಲಿ ಇಂಡಿಯನ್ ಬ್ಯಾಂಕ್ ಮತ್ತು ಪಾಪಿರೆಡ್ಡಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಮೀನು ಕೃಷಿಯದೇ ಎಂಬುದನ್ನು ಅದರ ಸ್ವರೂಪ, ಬಳಕೆ, ಅಡವಿಟ್ಟಾಗಿನ ಉದ್ದೇಶ ಇವನ್ನೆಲ್ಲ ಒಟ್ಟಿಗೆ ನೋಡಿ ತೀರ್ಮಾನಿಸಬೇಕು ಎಂದಿತು. ಅದೇ ವರ್ಷ ಗೋವಾದ ಹೋಟೆಲೊಂದರ ಪ್ರಕರಣದಲ್ಲಿ, ಹೋಟೆಲಿಗೆಂದು ಸಾಲ ತೆಗೆದು ಕಾಗದದಲ್ಲಿ ಮಾತ್ರ ಕೃಷಿಯೆಂದಿದ್ದ ಜಾಗಕ್ಕೆ ವಿನಾಯಿತಿ ಸಿಗಲಿಲ್ಲ. 2023ರ ಜನವರಿಯಲ್ಲಿ ಕೆ. ಶ್ರೀಧರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜಮೀನಿನಲ್ಲಿ ನಿಜಕ್ಕೂ ಕೃಷಿ ನಡೆಯುತ್ತಿದೆ ಎಂದು ತೋರಿಸುವ ಹೊಣೆ ಸಾಲಗಾರನದೇ, ಕಂದಾಯ ದಾಖಲೆಯಲ್ಲಿ ಹಾಗೆ ಬರೆದಿದ್ದರಷ್ಟೇ ಸಾಲದು ಎಂದಿತು.

ಹಾಗಾಗಿ ಪಹಣಿ ತೋರಿಸಿ ಕೂತರೆ ಆಗದು. ಬೆಳೆ ಕಾಲಂ ತುಂಬಿದ ಪಹಣಿಯ ಜೊತೆಗೆ ಕಾಫಿ ಮಂಡಳಿಯ ನೋಂದಣಿ, ಫಸಲು ಮಾರಿದ ರಸೀದಿಗಳು, ಗೊಬ್ಬರದ ಬಿಲ್ಲು, ಕೂಲಿಯ ಪುಸ್ತಕ, ಸಾಲದ ಅರ್ಜಿಯಲ್ಲಿ ಬರೆದ ಉದ್ದೇಶ ಇವೆಲ್ಲ ಬೇಕು. ತೋಟದ ಒಂದು ಮೂಲೆಯನ್ನು ಭೂ ಪರಿವರ್ತನೆ ಮಾಡಿಸಿ ಹೋಂಸ್ಟೇ ಕಟ್ಟಿದ್ದರೆ ಆ ಮೂಲೆಯ ಮಟ್ಟಿಗೆ ಕೃಷಿಯ ವಾದ ನಿಲ್ಲುವುದು ಕಷ್ಟ. ಮಡಿಕೇರಿಯ, ಕುಶಾಲನಗರದ ನಿವೇಶನದ ಮೇಲಿನ ಗೃಹಸಾಲಕ್ಕಂತೂ ಈ ವಿನಾಯಿತಿ ಇಲ್ಲವೇ ಇಲ್ಲ.

ಕರ್ನಾಟಕ ಬೆಳೆಗಾರರ ಒಕ್ಕೂಟವೂ ಜಿಲ್ಲಾ ಸಂಘಟನೆಗಳೂ ಕಾಫಿಯನ್ನು ಸರ್ಫೇಸಿಯಿಂದ ಹೊರಗಿಡಿ ಎಂದು ಕೇಂದ್ರ ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಕೊಟ್ಟಿವೆ. ಇದನ್ನು ಒಂದೊಂದು ಬಡಪಾಯಿ ಕುಟುಂಬ ಟ್ರಿಬ್ಯುನಲ್ಲಿನಲ್ಲಿ ತನ್ನ ಖರ್ಚಿನಲ್ಲಿ ವಾದಿಸುವಂತೆ ಬಿಡುವುದು ತಪ್ಪು. ಒಂದು ಸಾಲಿನ ತಿದ್ದುಪಡಿಯಿಂದ ಸಂಸತ್ತು ಇದನ್ನು ಬಗೆಹರಿಸಬಹುದು.

ಬೆಲೆ ಕುಸಿದ ವರ್ಷಗಳ ಬಡ್ಡಿ

ಈ ಸಾಲಗಳೇಕೆ ಇಷ್ಟು ಬೆಳೆದವು ಎಂದು ಪಟ್ಟಣದವರು ಕೇಳುವುದುಂಟು. 1940ರ ದಶಕದಿಂದ ಕಾಫಿ ಮಾರುತ್ತಿದ್ದುದು ಮಂಡಳಿ. ಬೆಳೆಗಾರ ಕಾಫಿಯನ್ನು ‘ಪೂಲ್’ಗೆ ಒಪ್ಪಿಸುತ್ತಿದ್ದ, ಹಣ ಕಂತುಗಳಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಮಾರುಕಟ್ಟೆ ಮುಕ್ತವಾಯಿತು. ಮೊದಲ ಕೆಲವು ವರ್ಷ ಒಳ್ಳೆಯ ಬೆಲೆ ಸಿಕ್ಕಿತು. ಸಾಲ ತೆಗೆದು ಹೊಸ ಗಿಡ ನೆಟ್ಟರು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. 2000ದ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ಪಾತಾಳಕ್ಕೆ ಇಳಿಯಿತು. ಸರ್ಫೇಸಿ ಬಂದದ್ದು ಸರಿಯಾಗಿ ಆ ಕುಸಿತದ ನಡುವೆ.

2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜ್ ಕೊಟ್ಟಿತು. ಹಲವರಿಗೆ ಉಸಿರು ಬಂತು. ಅದರ ಮಿತಿಯ ಹೊರಗೆ ಉಳಿದವರ ಖಾತೆಗಳಲ್ಲಿ ಬಡ್ಡಿಯ ಮೇಲೆ ಬಡ್ಡಿ ಬೆಳೆಯಿತು. ಆಮೇಲೆ 2018ರ ಆಗಸ್ಟ್ ಬಂತು.

ಗುಡ್ಡ ಜಾರಿತು, ಸಾಲ ನಿಂತಿತು

ಆ ತಿಂಗಳ ನಡುವಿನ ಎರಡು ಮೂರು ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ತೋಟಗಳನ್ನೂ ಮನೆಗಳನ್ನೂ ಹೊತ್ತುಕೊಂಡು ಹೋದವು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಅದೇ. ಅಡಮಾನ ಇಟ್ಟ ನೆಲವೇ ಹೊಳೆಗೆ ಇಳಿದುಹೋದರೂ ಸಾಲ ಕಾನೂನಿನ ಕಣ್ಣಿನಲ್ಲಿ ಹಾಗೆಯೇ ಇರುತ್ತದೆ. ಬ್ಯಾಂಕಿಗೆ ಭದ್ರತೆ ಹೋಗಬಹುದು. ಸಾಲಗಾರನ, ಜಾಮೀನುದಾರನ ವೈಯಕ್ತಿಕ ಹೊಣೆ ಹೋಗುವುದಿಲ್ಲ.

ಆದರೆ ಇಂಥ ಸಮಯಕ್ಕೆಂದೇ ರಿಸರ್ವ್ ಬ್ಯಾಂಕಿನ ನಿಯಮಗಳಿದ್ದವು. 2018ರ ಅಕ್ಟೋಬರ್‌ನ ನಿರ್ದೇಶನದಂತೆ ಬೆಳೆ ನಷ್ಟ ಶೇ 33 ದಾಟಿದ ಕಡೆ ಬೆಳೆ ಸಾಲವನ್ನು ಅವಧಿ ಸಾಲವಾಗಿ ಬದಲಿಸಬಹುದಿತ್ತು. ನಷ್ಟ ಶೇ 50 ಮುಟ್ಟಿದರೆ ತೀರಿಸಲು ಐದು ವರ್ಷದವರೆಗೆ ಸಮಯ ಕೊಡಬಹುದಿತ್ತು, ಅದರಲ್ಲಿ ಮೊದಲ ವರ್ಷ ಕಂತು ಕಟ್ಟಬೇಕಿರಲಿಲ್ಲ. ಇದಕ್ಕೆ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ ಸಭೆ ಸೇರಿ ತೀರ್ಮಾನಿಸಬೇಕಿತ್ತು, ಬೆಳೆಗಾರ ಶಾಖೆಗೆ ಹೋಗಿ ಅರ್ಜಿ ಕೊಡಬೇಕಿತ್ತು. ಸಂತ್ರಸ್ತರ ಶಿಬಿರದಲ್ಲಿ ಮಲಗಿದ್ದವನಿಗೆ ಬ್ಯಾಂಕಿನ ಅರ್ಜಿ ನೆನಪಾಗುವುದೆಲ್ಲಿಂದ! ಮುಂದೆ ಇಂಥ ಮಳೆಗಾಲ ಬಂದರೆ ಪರಿಹಾರದ ಅರ್ಜಿಯ ಜೊತೆಗೇ ಸಾಲ ಮರುಹೊಂದಾಣಿಕೆಯ ಅರ್ಜಿಯನ್ನೂ ಬರೆಸಿಕೊಳ್ಳುವ ಕೆಲಸವನ್ನು ಪಂಚಾಯಿತಿಗಳೂ ಬೆಳೆಗಾರರ ಸಂಘಗಳೂ ಮಾಡಬೇಕು.

ಖಾತೆ ಕೆಡುವ ಮೊದಲು

ಗೃಹಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ‘ಎನ್‌ಪಿಎ’, ಅಂದರೆ ವಸೂಲಾಗದ ಸಾಲ ಎನಿಸುತ್ತದೆ. ಕೃಷಿ ಸಾಲಕ್ಕೆ ಲೆಕ್ಕ ಬೇರೆ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಬಾಕಿ ನಿಂತರೆ ಮಾತ್ರ ಎನ್‌ಪಿಎ. ನಿಮ್ಮ ಸಾಲವನ್ನು ಬ್ಯಾಂಕು ಯಾವ ಲೆಕ್ಕದಲ್ಲಿ ಹಿಡಿದಿದೆ ಎಂದು ಕೇಳಿ ತಿಳಿದುಕೊಳ್ಳಿ. ತಪ್ಪು ಲೆಕ್ಕದಲ್ಲಿ ಹಿಡಿದಿದ್ದರೆ ಮುಂದಿನ ನೋಟಿಸಿನ ಬುಡವೇ ಅಲುಗುತ್ತದೆ.

ಎನ್‌ಪಿಎ ಆಗುವ ಮೊದಲು ಶಾಖೆಯ ಮ್ಯಾನೇಜರ್ ಕೈಯಲ್ಲಿ ದಾರಿಗಳಿರುತ್ತವೆ. ಕಂತಿನ ಮೊತ್ತ ಇಳಿಸಿ ಅವಧಿ ಹೆಚ್ಚಿಸಬಹುದು, ತಿಂಗಳ ಕಂತನ್ನು ಕೊಯ್ಲಿನ ಕಾಲಕ್ಕೆ ಹೊಂದಿಸಲು ಕೇಳಬಹುದು, ಕೆಲವು ತಿಂಗಳ ಬಿಡುವು ಕೇಳಬಹುದು. ವರ್ಷಕ್ಕೊಮ್ಮೆ ಹಣ ಕಾಣುವ ಮನೆಗೆ ತಿಂಗಳ ಕಂತು ಹೊಂದುವುದಿಲ್ಲ ಎಂಬುದು ಬ್ಯಾಂಕಿಗೂ ಗೊತ್ತಿರುವ ಸಂಗತಿ. ಎನ್‌ಪಿಎ ಆದ ಮೇಲೆ ಕಡತ ಶಾಖೆಯಿಂದ ಮೇಲಕ್ಕೆ, ವಸೂಲಿ ವಿಭಾಗಕ್ಕೆ ಹೋಗುತ್ತದೆ. ನಿಮ್ಮ ತೋಟ ನೋಡಿದ, ನಿಮ್ಮ ಮನೆಯಲ್ಲಿ ಕಾಫಿ ಕುಡಿದ ಮ್ಯಾನೇಜರ್ ಅಲ್ಲಿ ಇರುವುದಿಲ್ಲ.

ಆ 60 ದಿನ

ಸೆಕ್ಷನ್ 13(2)ರ ನೋಟಿಸು ಬಂತೆಂದರೆ ಬಾಕಿ ಪೂರ್ತಿ ಕಟ್ಟಲು 60 ದಿನ ಸಮಯ. ಅಷ್ಟು ಹಣ ಹೊಂದಿಸಲು ಬಹಳ ಮಂದಿಗೆ ಆಗದು. ಆದರೆ ಈ ದಿನಗಳಲ್ಲಿ ಮಾಡಬಹುದಾದ ದೊಡ್ಡ ಕೆಲಸ ಒಂದಿದೆ: ಬರೆದು ಆಕ್ಷೇಪಣೆ ಕೊಡುವುದು. ಕೊಟ್ಟರೆ, 15 ದಿನದೊಳಗೆ ಬ್ಯಾಂಕು ಕಾರಣ ಸಹಿತ ಉತ್ತರ ಕೊಡಲೇಬೇಕು. ಇದು ಕಡ್ಡಾಯ ಎಂದು ಆ ಗೋವಾ ಹೋಟೆಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಯಿಮಾತಿಗೆ ಈ ಬೆಲೆ ಇಲ್ಲ. ಶಾಖೆಗೆ ಹತ್ತು ಸಲ ಹೋಗಿ ಕೈಮುಗಿದು ಬಂದದ್ದು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ಏನು ಬರೆಯಬೇಕು? ಮೊದಲಿಗೆ ಸಾಲದ ಪೂರ್ತಿ ಲೆಕ್ಕದ ಪ್ರತಿ ಕೇಳಿ. ಕಟ್ಟಿದ ಹಣ ಜಮೆ ಆಗಿದೆಯೇ, ದಂಡ ಎಷ್ಟು ಸೇರಿದೆ ನೋಡಿ. ತಡವಾದ ಕಂತಿಗೆ ದಂಡ ಶುಲ್ಕ ಹಾಕಬಹುದೇ ಹೊರತು ಅದನ್ನು ಬಡ್ಡಿಯಾಗಿ ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಣಿಸಬಾರದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಆದೇಶಿಸಿದೆ. ಜಮೀನು ಕೃಷಿಯದಾಗಿದ್ದರೆ ಆ ಆಕ್ಷೇಪಣೆಯನ್ನು ಇಲ್ಲಿಯೇ, ದಾಖಲೆಗಳ ಸಮೇತ ಎತ್ತಬೇಕು. ಬಾಕಿ ಒಂದು ಲಕ್ಷದೊಳಗೆ ಇದ್ದರೆ, ಅಥವಾ ಅಸಲು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ ಕಾಯ್ದೆ ಅನ್ವಯಿಸದು, ಅದನ್ನೂ ಬರೆಯಬೇಕು. ಕೊನೆಗೆ ನೀವು ಯಾವಾಗ, ಎಷ್ಟು, ಯಾವ ಮೂಲದಿಂದ ಕಟ್ಟಬಲ್ಲಿರಿ ಎಂಬ ಪ್ರಾಮಾಣಿಕ ಪ್ರಸ್ತಾಪ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ತಲುಪಿದ್ದಕ್ಕೆ ಸೀಲು, ಸಹಿ ಹಾಕಿದ ಪ್ರತಿ ನಿಮ್ಮ ಬಳಿ ಇರಲಿ.

ನೋಟಿಸು ಕೈಗೆ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಆಸ್ತಿಯನ್ನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ. ಗಾಬರಿಯಲ್ಲಿ ತಮ್ಮನ ಹೆಸರಿಗೆ ಬರೆದುಕೊಡುವವರಿದ್ದಾರೆ. ಅದರಿಂದ ತೋಟ ಉಳಿಯುವುದಿಲ್ಲ, ತಮ್ಮನೂ ವ್ಯಾಜ್ಯಕ್ಕೆ ಸಿಕ್ಕಿಬೀಳುತ್ತಾನೆ.

ಚೌಕಾಸಿಯ ಮೇಜು

‘ಓಟಿಎಸ್’ ಎಂದು ಎಲ್ಲರ ಬಾಯಲ್ಲೂ ಇರುವುದು ಒಂದೇ ಬಾರಿಗೆ ಒಂದು ಮೊತ್ತ ಕಟ್ಟಿ ಸಾಲ ಮುಗಿಸುವ ಒಪ್ಪಂದ. ಬಡ್ಡಿಯಲ್ಲಿ, ಕೆಲವೊಮ್ಮೆ ಅಸಲಿನಲ್ಲಿಯೂ ಬ್ಯಾಂಕು ಸ್ವಲ್ಪ ಬಿಡುತ್ತದೆ. ಇದು ಸಾಲಗಾರನ ಹಕ್ಕಲ್ಲ, ಬ್ಯಾಂಕಿನ ವಿವೇಚನೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಇಂಥ ಒಪ್ಪಂದಗಳಿಗೆ ಪ್ರತಿ ಬ್ಯಾಂಕೂ ತನ್ನ ಆಡಳಿತ ಮಂಡಳಿ ಒಪ್ಪಿದ ನೀತಿಯನ್ನು ಇಟ್ಟುಕೊಂಡಿರಬೇಕು. ಆ ನೀತಿಯಡಿ ನನ್ನ ಅರ್ಜಿಯನ್ನು ಪರಿಶೀಲಿಸಿ ಎಂದು ಕೇಳಲು ಯಾರೂ ಹಿಂಜರಿಯಬೇಕಿಲ್ಲ.

ಹೇಳಿದ ಮೊತ್ತದ ಒಂದು ಪಾಲನ್ನು ಅರ್ಜಿಯ ಜೊತೆಗೇ ಕಟ್ಟಲು ಸಿದ್ಧರಿರುವವರ ಮಾತು ಬೇಗ ನಡೆಯುತ್ತದೆ. ಬರಿಗೈಯಲ್ಲಿ ಬಂದು ‘ಬಡ್ಡಿ ಬಿಡಿ’ ಎನ್ನುವವರ ಕಡತ ಮುಂದೆ ಸರಿಯುವುದಿಲ್ಲ. ಈಚೆಗೆ ಕಾಫಿ ಬೆಲೆ ದಾಖಲೆ ಮಟ್ಟಕ್ಕೆ ಏರಿದ ವರ್ಷಗಳಲ್ಲಿ ಹಳೆಯ ಸಾಲ ತೀರಿಸಿ ಹಗುರಾದ ಕುಟುಂಬಗಳಿವೆ. ಅದೇ ಬೆಲೆ ತೋಟದ ಬೆಲೆಯನ್ನೂ ಏರಿಸಿದ್ದರಿಂದ ಬ್ಯಾಂಕಿಗೆ ಹರಾಜಿನ ಆಸೆಯೂ ಹೆಚ್ಚಿದೆ. ಒಳ್ಳೆಯ ಬೆಲೆಯ ವರ್ಷದಲ್ಲಿ ಕಾರು ಬದಲಿಸುವ ಮೊದಲು ಸಾಲದ ಖಾತೆ ನೋಡಬೇಕು ಎಂದು ಹಿರಿಯ ಬೆಳೆಗಾರರು ಹೇಳುವುದು ಸುಮ್ಮನಲ್ಲ.

ಇನ್ನೊಂದು ದಾರಿ ಮನಸ್ಸಿಗೆ ಕಷ್ಟದ್ದು, ಆದರೂ ಮನೆ ಉಳಿಸುವಂಥದ್ದು. ಇಡೀ ಆಸ್ತಿ ಹರಾಜಿಗೆ ಹೋಗುವ ಮೊದಲು ಅದರಲ್ಲಿ ಕೆಲವು ಎಕರೆಯನ್ನು ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಮಾರುವುದು. ತಾವೇ ಗಿರಾಕಿ ಹುಡುಕಿ, ದಾರಿ, ನೀರು, ಫಸಲು ತೋರಿಸಿ ಮಾರಿದರೆ ಸಿಗುವ ಬೆಲೆ ಹರಾಜಿನಲ್ಲಿ ಸಿಗುವುದು ಅಪರೂಪ. ಹಿರಿಯರ ಜಮೀನು ಕೈಬಿಡುವುದು ಕೊಡಗಿನ ಮನೆಗಳಲ್ಲಿ ಎಂಥ ನೋವು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಐದು ಎಕರೆ ಕೊಟ್ಟು ಮನೆಯೂ ಉಳಿದ ಹತ್ತು ಎಕರೆಯೂ ಉಳಿಯುವುದಾದರೆ ಅದನ್ನು ಸೋಲೆಂದು ಯಾರೂ ಕರೆಯಬಾರದು.

ಒಪ್ಪಂದವಾದರೆ ಅದರ ಪತ್ರ, ಕಟ್ಟಬೇಕಾದ ತಾರೀಕು, ಕಟ್ಟಿದ ಮೇಲೆ ‘ಬಾಕಿ ಇಲ್ಲ’ ಎಂಬ ಪತ್ರ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ತೆಗೆಸುವುದು, ಇಷ್ಟೂ ಆಗಬೇಕು. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ಹಿಂದಿರುಗಿಸದಿದ್ದರೆ, ಮತ್ತು ತಪ್ಪು ಅದರದ್ದೇ ಆಗಿದ್ದರೆ, ದಿನಕ್ಕೆ ₹5,000 ಪರಿಹಾರ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಬಾಗಿಲಿಗೆ ಅಂಟಿಸಿದ ಕಾಗದ

60 ದಿನ ಮುಗಿದ ಮೇಲೆ ಸೆಕ್ಷನ್ 13(4). ಬ್ಯಾಂಕಿನ ಅಧಿಕೃತ ಅಧಿಕಾರಿ ಬಂದು ಮನೆಯ ಹೊರಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸುತ್ತಾರೆ. ಏಳು ದಿನದೊಳಗೆ ಅದು ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಬಹಳಷ್ಟು ಸಲ ಇದು ಕಾಗದದ ಮೇಲಿನ ಸ್ವಾಧೀನ. ನೀವು ಮನೆಯಲ್ಲೇ ಇರುತ್ತೀರಿ. ನಿಜವಾಗಿ ಹೊರಗೆ ಕಳಿಸಲು ಬ್ಯಾಂಕು ಸೆಕ್ಷನ್ 14ರಡಿ ಜಿಲ್ಲಾಧಿಕಾರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ನೆರವು ಪಡೆಯುತ್ತದೆ. ಅಲ್ಲಿ ಸಾಲದ ತಕರಾರು ವಿಚಾರಣೆ ಆಗುವುದಿಲ್ಲ, ಬ್ಯಾಂಕಿನ ಕಾಗದ ಸರಿಯಿದೆಯೇ ಎಂದಷ್ಟೇ ನೋಡುತ್ತಾರೆ. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕಣ್ಣೀರಿಟ್ಟು ಬರುವವರಿಗೆ ಈ ಮಿತಿ ಗೊತ್ತಿರುವುದಿಲ್ಲ.

ಹರಾಜಿಗೆ 30 ದಿನದ ನೋಟಿಸು ಕೊಡಬೇಕು, ಅಧಿಕೃತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆ ಗೊತ್ತು ಮಾಡಬೇಕು. ಬೆಲೆ ತೀರ ಕಡಿಮೆ ಎನಿಸಿದರೆ ಸುತ್ತಲಿನ ಮಾರಾಟ ಪತ್ರಗಳ ಪ್ರತಿ ಸಮೇತ ಕೂಡಲೇ ಆಕ್ಷೇಪಿಸಬೇಕು. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಉಳಿದದ್ದು ನಿಮ್ಮದು, ಕಡಿಮೆ ಬಂದರೆ ಉಳಿದ ಸಾಲಕ್ಕೆ ಬ್ಯಾಂಕು ಮತ್ತೆ ಟ್ರಿಬ್ಯುನಲ್ಲಿಗೆ ಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾದ ಗೆರೆ ಇಲ್ಲೊಂದಿದೆ. ಹಿಂದೆ ಮಾರಾಟ ಆಗುವ ಕೊನೆಯ ಗಳಿಗೆಯವರೆಗೂ ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ಪ್ರಕಟಣೆ ಹೊರಟ ದಿನಕ್ಕೇ ಮುಗಿಯುತ್ತದೆ. ಸೆಲಿರ್ ಮತ್ತು ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಹರಾಜಿನ ದಿನ ನೆಂಟರಿಂದ ಹಣ ಹೊಂದಿಸಿ ಓಡಿಬಂದರೆ ಬ್ಯಾಂಕು ತೆಗೆದುಕೊಳ್ಳಲೇಬೇಕೆಂದಿಲ್ಲ.

ಬೆಂಗಳೂರಿನ ದಾರಿ

ಸ್ವಾಧೀನದ ಕ್ರಮವಾದ ದಿನದಿಂದ 45 ದಿನದೊಳಗೆ ಸೆಕ್ಷನ್ 17ರಡಿ ಸಾಲ ವಸೂಲಿ ಟ್ರಿಬ್ಯುನಲ್ಲಿಗೆ ಅರ್ಜಿ ಹಾಕಬಹುದು. ಬ್ಯಾಂಕಿನ ಕ್ರಮ ತಪ್ಪೆಂದು ಕಂಡರೆ ಆಸ್ತಿ ಹಿಂದಿರುಗಿಸುವ ಅಧಿಕಾರ ಅದಕ್ಕಿದೆ. ಕೊಡಗಿನವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಯಲ್ಲಿ, ಅದಕ್ಕೆ ಬಾಕಿಯ ಶೇ 50ರಷ್ಟು ಠೇವಣಿ. ಅದನ್ನು ಶೇ 25ರವರೆಗೆ ಇಳಿಸಬಹುದೇ ಹೊರತು ಪೂರ್ತಿ ಬಿಡುವಂತಿಲ್ಲ. ಈ ದಾರಿಯಿರುವಾಗ ನೇರ ಹೈಕೋರ್ಟಿಗೆ ರಿಟ್ ಹಾಕುವುದನ್ನು ಸುಪ್ರೀಂ ಕೋರ್ಟ್ 2010ರಿಂದಲೂ ಒಪ್ಪುತ್ತಿಲ್ಲ. ಸೋಮವಾರಪೇಟೆಯ ಮೂರೆಕರೆ ಬೆಳೆಗಾರನಿಗೆ ಬೆಂಗಳೂರೇ ದೂರ, ಚೆನ್ನೈ ಎಲ್ಲಿಯದು? ಟ್ರಿಬ್ಯುನಲ್ ತನ್ನ ಕಲಾಪವನ್ನು ವರ್ಷದಲ್ಲಿ ಕೆಲವು ದಿನ ಮಲೆನಾಡಿನಲ್ಲಿ ನಡೆಸಬೇಕೆಂಬ ಒತ್ತಾಯವನ್ನು ಜನಪ್ರತಿನಿಧಿಗಳು ಎತ್ತಬೇಕು.

ವಕೀಲರ ಖರ್ಚಿಗೆ ಹೆದರುವವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ನೆನಪಿಡಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಪ್ರವಾಹದಂಥ ವಿಕೋಪದ ಸಂತ್ರಸ್ತರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರ ನೆರವು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಸಹಾಯವಾಣಿ 15100. ಬ್ಯಾಂಕು ದೂರಿಗೆ 30 ದಿನ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಕಾಡಿದರೆ ಅದೂ ನಿಯಮದ ಉಲ್ಲಂಘನೆಯೇ.

ಸಹಿ ಹಾಕಿದ ಅಣ್ಣತಮ್ಮಂದಿರು

ಕೊಡಗಿನಲ್ಲಿ ಸಾಲ ಒಬ್ಬರದ್ದಾದರೂ ಸಹಿಗಳು ಹಲವರದು. ತಲೆಮಾರಿನಿಂದ ಬಂದ ಜಮ್ಮಾ ಹಿಡುವಳಿಯ ಒಂದೇ ಪಹಣಿಯಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಹಲವರ ಹೆಸರಿರುವುದು ಸಾಮಾನ್ಯ. ಅಡಮಾನ ಪತ್ರಕ್ಕೆ ಯಾರು ಸಹಿ ಹಾಕಿದ್ದಾರೆ, ಯಾರ ಪಾಲು ಅದರಲ್ಲಿ ಸೇರಿದೆ ಎಂಬುದನ್ನು ವಕೀಲರಿಗೆ ಮೊದಲೇ ತೋರಿಸಬೇಕು. ಜಾಮೀನು ಹಾಕಿದವರ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಬ್ಯಾಂಕು ಮೊದಲು ಸಾಲಗಾರನ ಬೆನ್ನು ಹತ್ತಿ ನಂತರ ನಿಮ್ಮ ಬಳಿ ಬರಬೇಕೆಂಬ ನಿಯಮ ಇಲ್ಲ. ದುಬೈಯಲ್ಲೋ ಮೈಸೂರಿನಲ್ಲೋ ಇರುವ ತಮ್ಮನಿಗೆ ಅಣ್ಣನ ಸಾಲ ಕೆಟ್ಟದ್ದು ತಿಳಿಯುವುದು ಅವನ ಹೆಸರಿಗೇ ನೋಟಿಸು ಹೋದಾಗ. ಅಷ್ಟರಲ್ಲಿ ಅಣ್ಣತಮ್ಮಂದಿರ ನಡುವಿನ ಮಾತೂ ಕೆಟ್ಟಿರುತ್ತದೆ.

ಈ ಪುಟ ಓದುತ್ತಿರುವ ನಿಮ್ಮ ಮನೆಯ ಬೀರುವಿನಲ್ಲಿ ಅಂಥ ಲಕೋಟೆ ಇದ್ದರೆ ಇಂದೇ ಹೊರಗೆ ತೆಗೆಯಿರಿ. ಅದರ ಮೇಲಿನ ತಾರೀಕು ನೋಡಿ ದಿನ ಎಣಿಸಿ. ಮನೆಯವರನ್ನೂ ಸಹಿ ಹಾಕಿದವರನ್ನೂ ಕೂಡಿಸಿ ಓದಿ ಹೇಳಿ. ಸೋಮವಾರ ಬ್ಯಾಂಕು ತೆರೆದಿರುತ್ತದೆ, ವಕೀಲರ ಕಚೇರಿಯೂ ತೆರೆದಿರುತ್ತದೆ. ಬರೆದ ಅರ್ಜಿಯೊಂದನ್ನು ಕೈಯಲ್ಲಿ ಹಿಡಿದು ಹೋಗಿ.